ಚಿಂತೆಯ ಮೆಲುಕು ಮತ್ತು ಖಿನ್ನತೆ
(ಉಪನ್ಯಾಸದ ಪೂರ್ಣಪಾಠ)



ಸಂಜೆ ಕೊಟ್ಟಿಗೆಗೆ ಮರಳಿದ ಹಸು ಮಲಗಿ ಮೆಲುಕು ಹಾಕುತ್ತದೆ. ಹಗಲು ಅವಸರದಲ್ಲಿ ನುಂಗಿದ ಮೇವನ್ನು ಮತ್ತೆ ಬಾಯಿಗೆ ತಂದು, ನಿಧಾನವಾಗಿ ಅಗಿದು, ಪುನಃ ನುಂಗುತ್ತದೆ. ಹೀಗೆ ಅಗಿದದ್ದು ಜೀರ್ಣವಾಗುತ್ತದೆ. ಹಸುವಿಗೆ ಬಲವಾಗುತ್ತದೆ, ಕರುವಿಗೆ ಹಾಲಾಗುತ್ತದೆ. ಮನುಷ್ಯನ ಮನಸ್ಸಿಗೂ ಇಂತಹುದೇ ಒಂದು ಅಭ್ಯಾಸವಿದೆ. ನಡೆದುಹೋದ ಮಾತು, ತಪ್ಪಿದ ಅವಕಾಶ, ಆದ ಅವಮಾನ, ಕೈಬಿಟ್ಟ ಕೆಲಸ ಇವುಗಳನ್ನು ಅದು ಮತ್ತೆ ಮತ್ತೆ ಹೊರತೆಗೆದು ಅಗಿಯುತ್ತದೆ. ವ್ಯತ್ಯಾಸವಿರುವುದು ಫಲದಲ್ಲಿ. ಹಸುವಿನ ಮೆಲುಕು ಮೇವನ್ನು ಕರಗಿಸುತ್ತದೆ. ಮನಸ್ಸಿನ ಮೆಲುಕಿನಲ್ಲಿ ಮೇವು ಕರಗುವುದಿಲ್ಲ, ಅಗಿಯುವವನೇ ಕರಗುತ್ತಾನೆ.

ಕನ್ನಡದಲ್ಲಿ ‘ನೆನಪಿನ ಮೆಲುಕು’ ಎಂದಾಗ ಸವಿಯ ಭಾವವಿದೆ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಆ ಸವಿಮೆಲುಕನ್ನಲ್ಲ. ‘ಮನಸ್ಸಿಗೆ ಹಚ್ಚಿಕೊಂಡರು’, ‘ಕೊರಗಿ ಸೊರಗಿದರು’ ಎಂದು ಹಿರಿಯರು ಹೇಳುತ್ತಿದ್ದ ಸ್ಥಿತಿಯನ್ನು. ಈ ಕೊರಗಿನ ಮೆಲುಕಿಗೂ ಖಿನ್ನತೆ ಎಂಬ ಕಾಯಿಲೆಗೂ ಇರುವ ಸಂಬಂಧವನ್ನು ಕಳೆದ ಕೆಲವು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು ವಿಶೇಷವಾಗಿ ಅಭ್ಯಸಿಸಿದ್ದಾರೆ. ಅವರ ಸಂಶೋಧನೆಯ ಸಾರವನ್ನು ಸಾಮಾನ್ಯ ಸಂಸಾರಗಳಿಗೆ ಉಪಯುಕ್ತವಾಗುವಂತೆ ನಿರೂಪಿಸುವುದು ಈ ಉಪನ್ಯಾಸದ ಉದ್ದೇಶ.

ಶಹಾಡಿನ ಒಂದು ಮನೆ

ಮಧ್ಯ ರೈಲ್ವೆಯ ಕಲ್ಯಾಣ–ಕಸಾರಾ ಮಾರ್ಗದಲ್ಲಿ ಕಲ್ಯಾಣದ ನಂತರ ಬರುವ ಮೊದಲ ನಿಲ್ದಾಣ ಶಹಾಡ್. ಒಂದೆಡೆ ಉಲ್ಹಾಸ್ ನದಿ, ಇನ್ನೊಂದೆಡೆ ಉಲ್ಹಾಸನಗರದ ದಟ್ಟ ವಸತಿ, ನಡುವೆ ರೇಯಾನ್ ಕಾರ್ಖಾನೆ, ವಿಠ್ಠಲ ಮಂದಿರ. ಮುಂಬಯಿಗೆ ದುಡಿಯಲು ಹೋಗಿ ಮರಳುವವರಿಗೆ ಒಮ್ಮುಖ ಪ್ರಯಾಣವೇ ಒಂದು ಗಂಟೆಗೆ ಮೀರುತ್ತದೆ. ಠಾಣೆ ಜಿಲ್ಲೆಯ ಇಂತಹ ಪಟ್ಟಣಗಳಲ್ಲಿ ಮರಾಠಿ, ಸಿಂಧಿ, ಹಿಂದಿ ಮಾತನಾಡುವವರ ನಡುವೆ ಕನ್ನಡಿಗರೂ ನೆಲೆಸಿದ್ದಾರೆ. ಕರಾವಳಿಯಿಂದ ಹೋಟೆಲು ಉದ್ಯಮಕ್ಕೆ ಬಂದವರು, ಉತ್ತರ ಕರ್ನಾಟಕದಿಂದ ಗಿರಣಿ, ಕಾರ್ಖಾನೆ, ಕಟ್ಟಡದ ಕೆಲಸಗಳಿಗೆ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು.

ನಿದರ್ಶನಕ್ಕಾಗಿ ಇಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ ಐವತ್ತೆರಡು ವರ್ಷ. ಊರು ವಿಜಯಪುರದ ಕಡೆಯದು. ಇಪ್ಪತ್ತೈದು ವರ್ಷ ದುಡಿದ ಕಾರ್ಖಾನೆ ಬಾಗಿಲು ಮುಚ್ಚಿದೆ. ಬರಬೇಕಾದ ಬಾಕಿ ಬಂದಿಲ್ಲ. ರಾತ್ರಿ ಎರಡು ಗಂಟೆಯಾದರೂ ಅವರು ಸೂರು ನೋಡುತ್ತ ಮಲಗಿದ್ದಾರೆ.

“ಇನ್ನೂ ನಿದ್ದಿ ಹತ್ತಿಲ್ಲೇನ್ರೀ?” ಎಂದು ಪತ್ನಿ ಕೇಳುತ್ತಾರೆ.

“ಏನಿಲ್ಲ, ವಿಚಾರ ಮಾಡಾಕತ್ತೀನಿ. ನೀ ಮಲಕೋ.”

‘ವಿಚಾರ ಮಾಡುತ್ತಿದ್ದೇನೆ’ ಎಂಬ ಈ ಉತ್ತರದಲ್ಲಿಯೇ ಇಡೀ ಸಮಸ್ಯೆ ಅಡಗಿದೆ. ಅವರು ಸುಳ್ಳು ಹೇಳುತ್ತಿಲ್ಲ. ತಾವು ಕಷ್ಟಕ್ಕೆ ಪರಿಹಾರ ಹುಡುಕುತ್ತಿದ್ದೇವೆಂದೇ ಅವರ ಪ್ರಾಮಾಣಿಕ ನಂಬಿಕೆ. ಆದರೆ ಕಳೆದ ಆರು ತಿಂಗಳಿಂದ ಪ್ರತಿ ರಾತ್ರಿಯೂ ಅದೇ ಪ್ರಶ್ನೆಗಳು: ತಮಗೇ ಏಕೆ ಹೀಗಾಯಿತು? ಆ ವರ್ಷ ಬೇರೆ ಕೆಲಸ ಸಿಕ್ಕಿತ್ತಲ್ಲ, ಏಕೆ ಬಿಟ್ಟದ್ದು? ತಮ್ಮನ ಮುಂದೆ ಈಗ ಮುಖ ತೋರಿಸುವುದು ಹೇಗೆ? ಬೆಳಗಾದಾಗ ಕೈಯಲ್ಲಿ ಒಂದು ನಿರ್ಧಾರವೂ ಇಲ್ಲ. ದೇಹ ದಣಿದಿದೆ, ಮನಸ್ಸು ಮೊದಲಿಗಿಂತ ಭಾರವಾಗಿದೆ.

ವಿಚಾರ ಯಾವುದು, ಮೆಲುಕು ಯಾವುದು?

ಕಷ್ಟ ಬಂದಾಗ ಯೋಚಿಸುವುದು ದೋಷವಲ್ಲ, ಯೋಚಿಸದಿರುವುದೇ ದೋಷ. ಹೀಗಿರುವಾಗ ಹಿತವಾದ ವಿಚಾರವನ್ನು ಅಹಿತವಾದ ಮೆಲುಕಿನಿಂದ ಬೇರ್ಪಡಿಸುವುದು ಹೇಗೆ? ಇದಕ್ಕೆ ಮೂರು ಪ್ರಶ್ನೆಗಳು ಸಾಕು. ಈ ಹೊತ್ತು ಯೋಚಿಸಿದ್ದರಿಂದ ಹೊಸ ಸಂಗತಿಯೇನಾದರೂ ತಿಳಿಯಿತೇ? ನಾಳೆ ಮಾಡಬೇಕಾದ ಒಂದು ಕೆಲಸ ನಿಶ್ಚಯವಾಯಿತೇ? ಮನಸ್ಸು ಹಗುರವಾಯಿತೇ? ಮೂರಕ್ಕೂ ಉತ್ತರ ‘ಇಲ್ಲ’ ಎಂದಾದರೆ ಅದು ವಿಚಾರವಲ್ಲ, ಮೆಲುಕು. ವಿಚಾರಕ್ಕೆ ಒಂದು ತುದಿಯಿದೆ. ಮೆಲುಕಿಗೆ ತುದಿಯಿಲ್ಲ; ಅದು ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತುತ್ತದೆ.

ಈ ವಿಷಯದಲ್ಲಿ ವ್ಯವಸ್ಥಿತ ಸಂಶೋಧನೆಗೆ ಅಡಿಪಾಯ ಹಾಕಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೊಕ್ಸೆಮಾ (1959–2013). ಬೇಸರವುಂಟಾದಾಗ ಮನುಷ್ಯರು ಅದಕ್ಕೆ ಪ್ರತಿಕ್ರಿಯಿಸುವ ರೀತಿ ಬೇರೆ ಬೇರೆ ಎಂಬುದನ್ನು ಅವರು ಗುರುತಿಸಿದರು. ಕೆಲವರು ಬೇಸರವನ್ನು ಬದಿಗಿಟ್ಟು ಬೇರೊಂದು ಕೆಲಸದಲ್ಲಿ ತೊಡಗುತ್ತಾರೆ ಇಲ್ಲವೆ ಪರಿಹಾರದತ್ತ ಸಾಗುತ್ತಾರೆ. ಇನ್ನು ಕೆಲವರು ಬೇಸರದ ಲಕ್ಷಣಗಳನ್ನೂ ಕಾರಣಗಳನ್ನೂ ಪರಿಣಾಮಗಳನ್ನೂ ಕುರಿತು ಯೋಚಿಸುತ್ತ ಕುಳಿತುಬಿಡುತ್ತಾರೆ. ಇವರಲ್ಲಿ ಎರಡನೆಯವರ ಬೇಸರ ಹೆಚ್ಚು ಕಾಲ ಉಳಿಯುತ್ತದೆಂಬುದು ಅವರ ಸಿದ್ಧಾಂತದ ತಿರುಳು.

ಖಿನ್ನತೆ ಎಂಬ ಕಾಯಿಲೆ

ಒಂದೆರಡು ದಿನದ ಬೇಸರ ಕಾಯಿಲೆಯಲ್ಲ. ದಿನದ ಹೆಚ್ಚಿನ ಹೊತ್ತು, ಬಹುತೇಕ ಪ್ರತಿದಿನ, ಕನಿಷ್ಠ ಎರಡು ವಾರಗಳ ಕಾಲ ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು ಖಿನ್ನತೆಯ ಮುಖ್ಯ ಲಕ್ಷಣ. ಇದರೊಂದಿಗೆ ನಿದ್ರೆ, ಹಸಿವುಗಳ ಏರುಪೇರು, ಸದಾ ಆಯಾಸ, ಏಕಾಗ್ರತೆ ಇಲ್ಲದಿರುವುದು, ತಾನು ನಿಷ್ಪ್ರಯೋಜಕನೆಂಬ ಭಾವನೆ, ಅಕಾರಣ ಅಪರಾಧ ಪ್ರಜ್ಞೆ, ಬದುಕೇ ಬೇಡವೆಂಬ ಆಲೋಚನೆ ಇವುಗಳಲ್ಲಿ ಹಲವು ಕೂಡಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಎಷ್ಟೋ ರೋಗಿಗಳು ಇದನ್ನು ತಲೆನೋವು, ಮೈಕೈ ನೋವು, ಎದೆ ಭಾರ, ನಿಶ್ಶಕ್ತಿ ಎಂದೇ ವೈದ್ಯರ ಬಳಿ ಹೇಳಿಕೊಳ್ಳುತ್ತಾರೆ. ಒಳಗಿನ ದುಃಖ ಹೊರಗೆ ಬರುವುದೇ ಇಲ್ಲ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುವರೆಂದು ಅದರಿಂದ ತಿಳಿದುಬಂದಿತು. ಇನ್ನೂ ಕಳವಳಕಾರಿಯಾದ ಸಂಗತಿಯೆಂದರೆ, ಖಿನ್ನತೆಯಿಂದ ಬಳಲುವವರಲ್ಲಿ ಶೇಕಡಾ 85ರಷ್ಟು ಜನರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಗುಣವಾಗಬಲ್ಲ ಕಾಯಿಲೆಯೊಂದು ಗುಣಪಡಿಸುವವರ ಬಾಗಿಲವರೆಗೂ ಬರುತ್ತಿಲ್ಲವೆಂಬುದೇ ಇದರ ಅರ್ಥ.

ಭೂಕಂಪ ಕಲಿಸಿದ ಪಾಠ

ಮೆಲುಕಿನಿಂದ ಖಿನ್ನತೆಯೋ, ಖಿನ್ನತೆಯಿಂದ ಮೆಲುಕೋ? ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಲ್ಲ. ರೋಗಿಯನ್ನು ರೋಗ ಬಂದ ಮೇಲೆ ಪ್ರಶ್ನಿಸಿದರೆ ಯಾವುದು ಮೊದಲಿತ್ತೆಂದು ತಿಳಿಯುವುದಿಲ್ಲ. ಆದರೆ ಒಂದು ಆಕಸ್ಮಿಕ ಘಟನೆ ಸಂಶೋಧಕರಿಗೆ ದಾರಿ ತೋರಿಸಿತು.

1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಂದ ನೋಲೆನ್-ಹೊಕ್ಸೆಮಾ ಅವರು ಬೇರೊಂದು ಅಧ್ಯಯನಕ್ಕಾಗಿ ಪ್ರಶ್ನಾವಳಿಗಳನ್ನು ತುಂಬಿಸಿಕೊಂಡಿದ್ದರು. ಯಾರ ಮನಸ್ಸು ಈಗಾಗಲೇ ಕುಗ್ಗಿದೆ, ಬೇಸರ ಬಂದಾಗ ಯಾರು ಮೆಲುಕು ಹಾಕುತ್ತಾರೆ ಎಂಬ ವಿವರಗಳು ಅವುಗಳಲ್ಲಿದ್ದವು. ಹದಿನಾಲ್ಕು ದಿನಗಳ ನಂತರ, ಅಕ್ಟೋಬರ್ 17ರಂದು, ಆ ಪ್ರದೇಶದಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಸಂಭವಿಸಿತು. ಭೂಕಂಪದ ಹತ್ತು ದಿನಗಳ ನಂತರ ಒಮ್ಮೆ, ಏಳು ವಾರಗಳ ನಂತರ ಇನ್ನೊಮ್ಮೆ ಅದೇ ವಿದ್ಯಾರ್ಥಿಗಳನ್ನು ಪರೀಕ್ಷಿಸಲಾಯಿತು. ಒಟ್ಟು 137 ವಿದ್ಯಾರ್ಥಿಗಳು ಈ ಅಧ್ಯಯನದಲ್ಲಿದ್ದರು. ಮೊದಲಿನಿಂದ ಮೆಲುಕು ಹಾಕುವ ಅಭ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಎರಡೂ ಸಲ ಹೆಚ್ಚಾಗಿ ಕಂಡುಬಂದವು. ಭೂಮಿ ನಡುಗಿದ್ದು ಎಲ್ಲರಿಗೂ ಒಂದೇ. ಮನಸ್ಸು ಅದನ್ನು ಹೊತ್ತುಕೊಂಡ ಕಾಲ ಮಾತ್ರ ಬೇರೆ ಬೇರೆ.

ಶಹಾಡಿನ ಜನರಿಗೆ ಈ ಮಾತು ಪರಕೀಯವೆನಿಸದು. 2005ರ ಜುಲೈ 26ರ ಮಹಾಮಳೆಯಲ್ಲಿ ಉಲ್ಹಾಸ್ ತೀರದ ತಗ್ಗು ಪ್ರದೇಶಗಳು ಜಲಾವೃತವಾದವು. 2019ರ ಜುಲೈ ಅಂತ್ಯದಲ್ಲಿ ಅದೇ ನದಿ ಮತ್ತೆ ಉಕ್ಕಿತು. ಬದಲಾಪುರದ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಲುಕಿ, ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ನೀರು ಮನೆಗೆ ನುಗ್ಗಿದಾಗ ನೆರೆಹೊರೆಯವರೆಲ್ಲರ ಪಾತ್ರೆ ಪಡಗ, ಬಟ್ಟೆ ಬರೆ ಒಂದೇ ರೀತಿ ಕೊಚ್ಚಿಹೋಗುತ್ತವೆ. ನೀರು ಇಳಿದ ಮೇಲೆ ಕೆಸರು ತೆಗೆಯುವ ಕೈಗಳು ಒಂದು ಮನೆಯಲ್ಲಿ ಬೇಗ, ಇನ್ನೊಂದರಲ್ಲಿ ತಡವಾಗಿ ಏಳುತ್ತವೆ. ಅದಕ್ಕೆ ಹಣ, ಆರೋಗ್ಯ, ಬಂಧುಬಳಗ ಮೊದಲಾದ ಹಲವು ಕಾರಣಗಳಿರುತ್ತವೆ. ಮನಸ್ಸಿನ ಮೆಲುಕು ಅವುಗಳಲ್ಲೊಂದು.

2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೋಲೆನ್-ಹೊಕ್ಸೆಮಾ ಅವರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಸಂದರ್ಶಿಸಿದರು. ಮೊದಲ ಸಂದರ್ಶನದಲ್ಲಿ ಖಿನ್ನತೆ ಇಲ್ಲದಿದ್ದವರಲ್ಲಿಯೂ ಮೆಲುಕಿನ ಪ್ರವೃತ್ತಿ ಹೆಚ್ಚಾಗಿದ್ದವರಿಗೆ ನಂತರ ಖಿನ್ನತೆ ಬರುವ ಸಂಭವ ಅಧಿಕವೆಂದು ಕಂಡುಬಂದಿತು. ಖಿನ್ನತೆ ಬಂದ ಮೇಲೆ ಮೆಲುಕು ಇನ್ನಷ್ಟು ಹೆಚ್ಚುವುದೂ ನಿಜ. ಹೀಗೆ ಒಂದು ಇನ್ನೊಂದನ್ನು ಪೋಷಿಸುವ ವಿಷಚಕ್ರ ಏರ್ಪಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೆಲುಕೊಂದೇ ಖಿನ್ನತೆಗೆ ಕಾರಣವಲ್ಲ. ವಂಶಪಾರಂಪರ್ಯ, ಥೈರಾಯಿಡ್‌ನಂತಹ ಕಾಯಿಲೆಗಳು, ಹೆರಿಗೆಯ ನಂತರದ ಬದಲಾವಣೆಗಳು, ಮದ್ಯಪಾನ, ಬಡತನ, ಆಪ್ತರ ಮರಣ, ಮನೆಯೊಳಗಿನ ಹಿಂಸೆ ಇವೆಲ್ಲವೂ ಕಾರಣಗಳಾಗಬಲ್ಲವು. ಆದ್ದರಿಂದ ‘ಸುಮ್ಮನೆ ಯೋಚಿಸಿ ರೋಗ ತಂದುಕೊಂಡೆ’ ಎಂದು ರೋಗಿಯನ್ನು ದೂಷಿಸುವುದು ಅನ್ಯಾಯ ಮಾತ್ರವಲ್ಲ, ಅವೈಜ್ಞಾನಿಕವೂ ಹೌದು.

ಮೆಲುಕು ಮಾಡುವ ಹಾನಿ

ಮೆಲುಕು ನಾಲ್ಕು ಬಗೆಯಲ್ಲಿ ಹಾನಿ ಮಾಡುತ್ತದೆ. ಮೊದಲನೆಯದಾಗಿ, ದುಃಖದಲ್ಲಿರುವ ಮನಸ್ಸು ದುಃಖದ ನೆನಪುಗಳನ್ನೇ ಆರಿಸಿ ತರುತ್ತದೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ಕಟ್ಟಿದ ಮನೆ, ಓದಿಸಿದ ಮಕ್ಕಳು ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ; ತಪ್ಪಿದ ಹೆಜ್ಜೆಗಳಷ್ಟೇ ಸಾಲುಗಟ್ಟಿ ನಿಲ್ಲುತ್ತವೆ. ಒಂದು ಪ್ರಯೋಗದಲ್ಲಿ ಕುಗ್ಗಿದ ಮನಸ್ಸಿನವರಿಗೆ ತಮ್ಮ ಭಾವನೆಗಳನ್ನೇ ಕುರಿತು ಕೇವಲ ಎಂಟು ನಿಮಿಷ ಯೋಚಿಸಲು ಹೇಳಲಾಯಿತು. ಅಷ್ಟರಿಂದಲೇ ಅವರ ಬೇಸರ ಹೆಚ್ಚಾಯಿತು. ಅಷ್ಟೇ ಹೊತ್ತು ಹೊರಗಿನ ವಸ್ತುಗಳತ್ತ, ಸ್ಥಳಗಳತ್ತ ಗಮನ ಹರಿಸಿದವರ ಬೇಸರ ಇಳಿಯಿತು. ಮನಸ್ಸು ಕುಗ್ಗಿಲ್ಲದವರಲ್ಲಿ ಇಂತಹ ಪರಿಣಾಮ ಕಾಣಲಿಲ್ಲವೆಂಬುದು ಗಮನಾರ್ಹ. ಆರೋಗ್ಯವಂತನಿಗೆ ಹಾನಿಮಾಡದ ಯೋಚನೆ ಕುಗ್ಗಿದವನಿಗೆ ಹಾನಿಕರವಾಗಬಹುದು.

ಎರಡನೆಯದಾಗಿ, ಮೆಲುಕು ಪರಿಹಾರ ಹುಡುಕುವ ಶಕ್ತಿಯನ್ನೇ ಕುಂದಿಸುತ್ತದೆ. ಇದೇ ಮಾದರಿಯ ಪ್ರಯೋಗಗಳಲ್ಲಿ ಮೆಲುಕಿನ ನಂತರ ಜನರು ಸೂಚಿಸಿದ ಪರಿಹಾರಗಳು ದುರ್ಬಲವಾಗಿದ್ದವು. ಮೂರನೆಯದಾಗಿ, ಅದು ಕೈಕಾಲುಗಳನ್ನು ಕಟ್ಟಿಹಾಕುತ್ತದೆ. ಸ್ನಾನ, ಊಟ, ಪೇಟೆ, ಗೆಳೆಯರ ಮನೆ ಎಲ್ಲವೂ ‘ಆಮೇಲೆ’ ಎಂದಾಗುತ್ತವೆ. ಸಂತೋಷದ ಸಣ್ಣಪುಟ್ಟ ಮೂಲಗಳು ಒಂದೊಂದಾಗಿ ಬತ್ತುತ್ತವೆ. ನಾಲ್ಕನೆಯದಾಗಿ, ಅದೇ ದೂರನ್ನು ನೂರು ಸಲ ಕೇಳಿದ ಆಪ್ತರು ದಣಿದು ದೂರ ಸರಿಯುತ್ತಾರೆ. ಒಂಟಿತನ ಮೆಲುಕಿಗೆ ಮತ್ತಷ್ಟು ಮೇವು ಒದಗಿಸುತ್ತದೆ.

ವಲಸೆಯ ಬದುಕು, ನುಂಗಿದ ಮಾತು

ಶಹಾಡ್ ಪರಿಸರದ ಇತಿಹಾಸದಲ್ಲಿ ಇಂತಹ ಮೇವಿಗೆ ಬರವಿಲ್ಲ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಜವಳಿ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಭಾಗಿಗಳಾದರು. ಅವರಲ್ಲಿ ಅನೇಕರಿಗೆ ಕೆಲಸ ಮರಳಿ ದೊರೆಯಲಿಲ್ಲ. ಶಹಾಡಿನ ನಂತರದ ನಿಲ್ದಾಣವಾದ ಅಂಬಿವಲಿಯ ಬಳಿ, ಮೋಹನೆಯಲ್ಲಿದ್ದ ನ್ಯಾಷನಲ್ ರೇಯಾನ್ ಕಾರ್ಖಾನೆ 2009ರಲ್ಲಿ ಮುಚ್ಚಿತು. ಕಾರ್ಮಿಕರ ಬಾಕಿಯ ವಿವಾದ ವರ್ಷಾನುಗಟ್ಟಲೆ ನಡೆಯಿತು. ಕಾರ್ಖಾನೆ ಮುಚ್ಚಿದಾಗ ಸಂಬಳದೊಂದಿಗೆ ದಿನಚರಿಯೂ ಹೋಗುತ್ತದೆ. ಪಾಳಿಯ ಭೋಂಗಾ, ಡಬ್ಬಿ, ಗೆಳೆಯರ ಗುಂಪು ಯಾವುದೂ ಇಲ್ಲದ ಹದಿನಾರು ಗಂಟೆಗಳ ಹಗಲು ಮನುಷ್ಯನ ಮುಂದೆ ಬಿದ್ದಿರುತ್ತದೆ. ಆ ಖಾಲಿ ಹೊತ್ತನ್ನು ಮೊದಲು ಆಕ್ರಮಿಸುವುದೇ ‘ಏಕೆ ಹೀಗಾಯಿತು’ ಎಂಬ ಪ್ರಶ್ನೆ.

ಮುಂಬಯಿಯಲ್ಲಿ ಬಾಳಿದ ಕನ್ನಡದ ಹಿರಿಯ ಕಾದಂಬರಿಕಾರ ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದಿದವರಿಗೆ ಅದರ ನಾಯಕ ನಾಗಪ್ಪನ ನೆನಪಾಗಬಹುದು. ಕಂಪನಿಯ ಕೆಲಸದಿಂದ ಅಮಾನತುಗೊಂಡ ಆತ ಅದರ ಕಾರಣವನ್ನು ಬೆದಕುತ್ತ ತನ್ನೊಳಗೇ ಅಲೆಯುತ್ತಾನೆ. ಅದು ಸಾಹಿತ್ಯಕೃತಿ, ರೋಗದ ವರದಿಯಲ್ಲ. ಆದರೂ ಮಹಾನಗರದಲ್ಲಿ ಒಂಟಿಯಾದ ಮನಸ್ಸು ಒಂದೇ ಪ್ರಶ್ನೆಯ ಸುತ್ತ ಸುತ್ತುವ ಬಗೆಯನ್ನು ಕನ್ನಡ ಓದುಗರು ಅಲ್ಲಿ ಕಂಡಿದ್ದಾರೆ.

ಸ್ತ್ರೀಯರ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಮೆಲುಕಿನ ಪ್ರವೃತ್ತಿ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಖಿನ್ನತೆಯೂ ಅವರಲ್ಲಿ ಹೆಚ್ಚು. ಇದನ್ನು ಸ್ವಭಾವದ ದೌರ್ಬಲ್ಯವೆಂದು ತಿಳಿಯಬಾರದು. ಹೊಸದಾಗಿ ಮದುವೆಯಾಗಿ ಬೀದರಿನಿಂದಲೋ ಕಾರ್ಕಳದಿಂದಲೋ ಬಂದ ಯುವತಿಗೆ ಇಲ್ಲಿ ನೆರೆಯ ಭಾಷೆ ಬಾರದು, ತವರು ದೂರ, ಗಂಡ ಹೊರಟರೆ ರಾತ್ರಿಯೇ ಮರಳುವುದು. ಬದಲಾಯಿಸುವ ಅಧಿಕಾರ ಕೈಯಲ್ಲಿಲ್ಲದ ಕಷ್ಟವನ್ನು ಮನಸ್ಸು ಹೆಚ್ಚು ಅಗಿಯುತ್ತದೆ. ಅತ್ತೆಯ ಒಂದು ಮಾತಿಗೆ ಹಗಲು ಉತ್ತರ ಕೊಡಲಾಗದವಳು ರಾತ್ರಿಯಿಡೀ ಅದಕ್ಕೆ ಉತ್ತರ ಕೊಡುತ್ತಿರುತ್ತಾಳೆ.

‘ಏಕೆ’ ಎಂಬುದರಿಂದ ‘ಹೇಗೆ’ ಎಂಬುದರತ್ತ

‘ಯೋಚನೆ ಬಿಡಿ’ ಎಂಬ ಉಪದೇಶದಿಂದ ಯಾರ ಯೋಚನೆಯೂ ಬಿಟ್ಟುಹೋಗಿಲ್ಲ. ಬಲವಂತವಾಗಿ ಒತ್ತಿಹಿಡಿದ ಯೋಚನೆ ಇನ್ನಷ್ಟು ಬಲದಿಂದ ಮೇಲೇಳುತ್ತದೆ. ಆದ್ದರಿಂದ ಯೋಚನೆಯನ್ನು ನಿಲ್ಲಿಸುವುದಕ್ಕಿಂತ ಅದರ ದಿಕ್ಕನ್ನು ಬದಲಾಯಿಸುವುದು ಫಲದಾಯಕ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ವಾಟ್ಕಿನ್ಸ್ ಮತ್ತು ಸಂಗಡಿಗರು ಮೆಲುಕಿನ ಅಭ್ಯಾಸವನ್ನೇ ಗುರಿಯಾಗಿಟ್ಟುಕೊಂಡ ಚಿಕಿತ್ಸಾಕ್ರಮವನ್ನು ರೂಪಿಸಿದ್ದಾರೆ. ‘ಏಕೆ ಹೀಗೆ’ ಎಂಬ ಅಮೂರ್ತ ಪ್ರಶ್ನೆಯನ್ನು ‘ಏನು, ಹೇಗೆ, ಎಂದು, ಯಾರೊಡನೆ’ ಎಂಬ ಮೂರ್ತ ಪ್ರಶ್ನೆಗಳನ್ನಾಗಿ ಪರಿವರ್ತಿಸುವುದು ಅದರ ಒಂದು ಮುಖ್ಯ ಅಂಶ.

ಮೇಲೆ ಹೇಳಿದ ಶಹಾಡಿನ ಗೃಹಸ್ಥರನ್ನೇ ತೆಗೆದುಕೊಳ್ಳೋಣ. ‘ತಮಗೇ ಏಕೆ ಹೀಗಾಯಿತು’ ಎಂಬುದಕ್ಕೆ ಉತ್ತರವಿಲ್ಲ. ಆದರೆ ಭವಿಷ್ಯನಿಧಿಯ ಕಾಗದಗಳು ಯಾವ ಪೆಟ್ಟಿಗೆಯಲ್ಲಿವೆ? ಕಚೇರಿಗೆ ಸೋಮವಾರ ಹೋಗುವುದೋ ಮಂಗಳವಾರವೋ? ಜೊತೆಗೆ ಬರುವ ಹಳೆಯ ಸಹೋದ್ಯೋಗಿ ಯಾರು? ಅರ್ಜಿ ಬರೆದುಕೊಡುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಿದೆ, ಉತ್ತರದ ಕೊನೆಯಲ್ಲಿ ಒಂದು ಹೆಜ್ಜೆಯೂ ಇದೆ. ಬಾಕಿ ಹಣ ನಾಳೆಯೇ ಬಾರದಿರಬಹುದು. ಆದರೆ ಸೂರು ನೋಡುತ್ತಿದ್ದ ಮನುಷ್ಯ ಮಂಗಳವಾರ ಬೆಳಿಗ್ಗೆ ಬಟ್ಟೆ ಧರಿಸಿ ಹೊರಗೆ ಹೊರಟಿರುತ್ತಾನೆ.

ಇನ್ನೂ ಕೆಲವು ಉಪಾಯಗಳು ರೂಢಿಯಲ್ಲಿವೆ. ಚಿಂತೆಗೆಂದೇ ದಿನದಲ್ಲಿ ಅರ್ಧ ಗಂಟೆಯನ್ನು, ಒಂದು ನಿಶ್ಚಿತ ಸ್ಥಳದಲ್ಲಿ, ಮೀಸಲಿಡುವುದು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಆ ಹೊತ್ತಿಗೆ ಮುಂದೂಡುವುದು. ಹಾಸಿಗೆಯಲ್ಲಿ ಮಾತ್ರ ಈ ಕಲಾಪ ನಡೆಯಬಾರದು. ನಿದ್ರೆ ಬಾರದೆ ಹೊರಳಾಡುತ್ತಿದ್ದರೆ ಎದ್ದು ಮಂದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕುಳಿತು, ತೂಕಡಿಕೆ ಬಂದಾಗ ಮರಳಿ ಮಲಗುವುದು ಲೇಸು. ಬಂದ ಆಲೋಚನೆಯನ್ನು ಹಿಡಿದು ಎಳೆಯದೆ, ‘ಇದೊಂದು ಆಲೋಚನೆ, ಬಂದಿದೆ, ಹೋಗುತ್ತದೆ’ ಎಂದು ಗಮನಿಸಿ ಉಸಿರಿನತ್ತ ಮನಸ್ಸನ್ನು ತರುವ ಅಭ್ಯಾಸವೂ ಪ್ರಯೋಜನಕಾರಿ. ಖಿನ್ನತೆ ಮರುಕಳಿಸದಂತೆ ತಡೆಯಲು ಇಂತಹ ಧ್ಯಾನಾಭ್ಯಾಸವನ್ನು ಮನೋಚಿಕಿತ್ಸೆಯೊಡನೆ ಸೇರಿಸಿದ ಕ್ರಮ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮದ್ಯಪಾನ ಮಾತ್ರ ಯಾವ ಕಾರಣಕ್ಕೂ ಉಪಾಯವಲ್ಲ. ಅದು ಒಂದು ರಾತ್ರಿಯ ಮರೆವನ್ನು ಕೊಟ್ಟು ಮರುದಿನದ ಖಿನ್ನತೆಯನ್ನು ಹೆಚ್ಚಿಸುತ್ತದೆ.

ಗೆಳೆಯರೊಡನೆ ಮನಸ್ಸು ಬಿಚ್ಚಿ ಮಾತನಾಡುವುದು ಒಳ್ಳೆಯದು. ಆದರೆ ಇಬ್ಬರೂ ಕೂಡಿ ಅದೇ ಕೊರಗನ್ನು ಅಗಿಯುತ್ತ ಕುಳಿತರೆ ಸ್ನೇಹ ಬೆಳೆದರೂ ಬೇಸರವೂ ಬೆಳೆಯುತ್ತದೆಂದು ಹದಿಹರೆಯದವರ ಅಧ್ಯಯನಗಳು ತಿಳಿಸಿವೆ. ಕಲ್ಯಾಣದ ಕಡೆಯ ಲೋಕಲ್ ಗಾಡಿಗಳಲ್ಲಿ ತಾಳ ಹಿಡಿದು ಭಜನೆ ಮಾಡುತ್ತ ಸಾಗುವ ಗುಂಪುಗಳಿವೆ. ದಿನವಿಡೀ ದಣಿದ ಮನಸ್ಸು ಆ ಒಂದು ಗಂಟೆ ತನ್ನನ್ನು ಬಿಟ್ಟು ಹೊರಗೆ ನೋಡುತ್ತದೆ, ಹತ್ತು ಜನರೊಡನೆ ಉಸಿರು ಸೇರಿಸುತ್ತದೆ. ಭಜನೆಯೇ ಆಗಬೇಕೆಂದಿಲ್ಲ, ಚದುರಂಗ, ಪುಸ್ತಕ, ಹೊಲಿಗೆ, ನಡಿಗೆ ಯಾವುದಾದರೂ ಸರಿ.

ಕೈಗೆ ಕೆಲಸ: ಗೋವೆಯ ಅನುಭವ

ಮನಸ್ಸು ಸರಿಯಾದ ಮೇಲೆ ಕೆಲಸ ಮಾಡೋಣವೆಂಬುದು ಖಿನ್ನನ ತರ್ಕ. ವಾಸ್ತವದಲ್ಲಿ ಕ್ರಮ ತಿರುವುಮುರುವಾಗಿದೆ. ಸಣ್ಣದೊಂದು ಕೆಲಸ ಮೊದಲು, ಮನಸ್ಸಿನ ಚೇತರಿಕೆ ಅನಂತರ. ಈ ತತ್ತ್ವದ ಮೇಲೆ ಗೋವೆಯಲ್ಲಿ ‘ಸಂಗತ್’ ಎಂಬ ಸಂಸ್ಥೆಯ ಆಶ್ರಯದಲ್ಲಿ ನಡೆದ ಪ್ರಯೋಗದ ಫಲಿತಾಂಶಗಳು 2017ರಲ್ಲಿ ಪ್ರಕಟವಾದವು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ತೀವ್ರ ಖಿನ್ನತೆಯಿದ್ದ ಸುಮಾರು 490 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವೈದ್ಯರ ಆರೈಕೆ ಮಾತ್ರ. ಇನ್ನೊಂದಕ್ಕೆ ಅದರೊಂದಿಗೆ ಆರರಿಂದ ಎಂಟು ಬಾರಿಯ ಆಪ್ತಸಮಾಲೋಚನೆ. ಸಮಾಲೋಚಕರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ನಾಗರಿಕರು. ಬಿಟ್ಟುಹೋದ ದೈನಂದಿನ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಆರಂಭಿಸುವುದು ಈ ಚಿಕಿತ್ಸೆಯ ಜೀವಾಳ. ಮೂರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇಕಡಾ 39 ಮಂದಿ ಚೇತರಿಸಿಕೊಂಡಿದ್ದರೆ, ಎರಡನೆಯ ಗುಂಪಿನಲ್ಲಿ ಶೇಕಡಾ 64 ಮಂದಿ ಚೇತರಿಸಿಕೊಂಡಿದ್ದರು.

ಮನೆಯವರ ಪಾತ್ರ

ಖಿನ್ನತೆಯನ್ನು ಮೊದಲು ಗುರುತಿಸುವವರು ಮನೆಯವರು. ಅವರ ಒಂದು ಮಾತು ದಾರಿ ತೆರೆಯಬಹುದು, ಮುಚ್ಚಲೂಬಹುದು. ‘ಎಲ್ಲರಿಗೂ ಕಷ್ಟ ಇಲ್ಲವೇ’, ‘ಗಂಡಸಾಗಿ ಹೀಗೆ ಕೂರುವುದೇ’, ‘ಇದೆಲ್ಲ ಸೋಮಾರಿತನ’ ಇವು ಹೇಳಬಾರದ ಮಾತುಗಳು. ಮೊದಲು ಅಡ್ಡಿಯಿಲ್ಲದೆ ಕೇಳಬೇಕು. ಅನಂತರ ‘ಈಗ ಒಂದು ಕೆಲಸ ಕೂಡಿ ಮಾಡೋಣ’ ಎಂದು ಸಣ್ಣ ಹೆಜ್ಜೆಯನ್ನು ಸೂಚಿಸಬೇಕು. ಆ ಮನೆಯ ಪತ್ನಿ ಒಂದು ಸಂಜೆ, “ಬರ್ರಿ, ನದೀ ಕಡೆ ಒಂದಿಷ್ಟು ಅಡ್ಡಾಡಿ ಬರೂಣು. ನಾಳಿಗೆ ಇಬ್ರೂ ಕೂಡೇ ಡಾಕ್ಟರ್ ಕಡೆ ಹೋಗೂಣು” ಎಂದರೆ, ಹತ್ತು ಉಪದೇಶಗಳು ಮಾಡದ ಕೆಲಸವನ್ನು ಆ ಎರಡು ವಾಕ್ಯಗಳು ಮಾಡಬಲ್ಲವು.

ರೋಗಿ ಸಾವಿನ ಮಾತನ್ನು ಆಡಿದರೆ, ಆಪ್ತರಿಗೆ ವಸ್ತುಗಳನ್ನು ಹಂಚತೊಡಗಿದರೆ ಅಥವಾ ವಿದಾಯ ಹೇಳುವಂತೆ ವರ್ತಿಸಿದರೆ ಅದನ್ನು ಹಗುರವಾಗಿ ಪರಿಗಣಿಸಬಾರದು. ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ’ ಎಂದು ನೇರವಾಗಿ, ಮೃದುವಾಗಿ ಕೇಳಬಹುದು; ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಅಂಥವರನ್ನು ಒಬ್ಬಂಟಿಯಾಗಿ ಬಿಡದೆ, ವಿಷ, ಮಾತ್ರೆಗಳು ಕೈಗೆ ಸಿಗದಂತೆ ಇರಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಚಿಕಿತ್ಸೆ ಮತ್ತು ಸೌಲಭ್ಯಗಳು

ಎರಡು ವಾರ ಮೀರಿದ ಕುಗ್ಗುವಿಕೆಗೆ ಸ್ವಯಂ ಉಪಾಯಗಳಷ್ಟೇ ಸಾಲವು. ವೈದ್ಯರು ರಕ್ತಹೀನತೆ, ಥೈರಾಯಿಡ್ ತೊಂದರೆ ಮೊದಲಾದವು ಇವೆಯೇ ಎಂದು ಪರೀಕ್ಷಿಸಿ, ಅಗತ್ಯವಿದ್ದಲ್ಲಿ ಮನೋವೈದ್ಯರ ಬಳಿ ಕಳುಹಿಸುತ್ತಾರೆ. ಖಿನ್ನತೆಯ ಔಷಧಿಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಪರಿಣಾಮ ತೋರಿಸತೊಡಗುತ್ತವೆ. ನಾಲ್ಕು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವುದಾಗಲಿ, ಚೇತರಿಸಿಕೊಂಡ ಕೂಡಲೇ ತಾವಾಗಿ ನಿಲ್ಲಿಸುವುದಾಗಲಿ ಸಲ್ಲದು. ಇವು ನಿದ್ರೆಮಾತ್ರೆಗಳಲ್ಲ, ಮದ್ಯದಂತೆ ಚಟ ಹಿಡಿಸುವ ವಸ್ತುಗಳೂ ಅಲ್ಲ.

ಸರ್ಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಮಾದರಿಯನ್ನು ನಿಮ್ಹಾನ್ಸ್ ಮೊದಲು ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿತೆಂಬುದು ಕನ್ನಡಿಗರು ಹೆಮ್ಮೆಪಡುವ ವಿಷಯ. ಅದೇ ಮಾದರಿಯ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ಠಾಣೆಯಲ್ಲಿ 1901ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಮನೋರುಗ್ಣಾಲಯವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದ್ದು, ಸರ್ಕಾರಿ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಮಾನ್ಯಮಾಡಿದೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಈ ಕಾಯಿದೆ ಭಾವಿಸುತ್ತದೆ. ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

ಮನೆಯಿಂದ ಹೊರಡಲಾಗದವರಿಗೂ ಒಂದು ದಾರಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆ ದಿನದ 24 ಗಂಟೆಯೂ ಉಚಿತವಾಗಿ ಲಭ್ಯ. ದೂರವಾಣಿ ಸಂಖ್ಯೆ 14416. ಕನ್ನಡ, ಮರಾಠಿ, ಹಿಂದಿ ಮೊದಲಾದ ಭಾಷೆಗಳಲ್ಲಿ ತರಬೇತಿ ಪಡೆದ ಸಮಾಲೋಚಕರೊಡನೆ ಮಾತನಾಡಬಹುದು. ದುಃಖವನ್ನು ಹೇಳಿಕೊಳ್ಳಲು ತಾಯ್ನುಡಿಗಿಂತ ಹತ್ತಿರದ ಭಾಷೆ ಇನ್ನೊಂದಿಲ್ಲ. ಹೊರನಾಡಿನ ಕನ್ನಡಿಗರಿಗೆ ಈ ಸೌಲಭ್ಯ ವಿಶೇಷ ಉಪಯುಕ್ತ. ಕಲ್ಯಾಣ, ಡೊಂಬಿವಲಿ ಮುಂತಾದೆಡೆಗಳ ಕನ್ನಡ ಸಂಘಗಳು ನಾಟಕ, ನಾಡಹಬ್ಬಗಳ ಜೊತೆಗೆ ಈ ಸಂಖ್ಯೆಯನ್ನೂ ಮನೆಮನೆಗೆ ತಲುಪಿಸಿದರೆ ದೊಡ್ಡ ಸೇವೆಯಾದೀತು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಿದೆ. ಚಿಂತೆಯೇ ಇಲ್ಲದ ಬಾಳು ಯಾರಿಗೂ ದೊರಕಿಲ್ಲ. ಶಹಾಡಿನ ಸಂದಣಿಯಲ್ಲಿ ಅದು ದೊರಕಲೂ ಆರದು. ಆದರೆ ಚಿಂತೆ ಬಂದಾಗ ಅದನ್ನು ಅಗಿಯುತ್ತ ಕುಳಿತುಕೊಳ್ಳಬೇಕೇ, ಅದರಿಂದ ಒಂದು ಹೆಜ್ಜೆಯನ್ನು ಹೊರತೆಗೆಯಬೇಕೇ ಎಂಬ ಆಯ್ಕೆ ಬಹಳಷ್ಟು ಸಲ ಉಳಿದಿರುತ್ತದೆ. ಆ ಆಯ್ಕೆಯ ಶಕ್ತಿಯೂ ಉಡುಗಿದಾಗ ಅದನ್ನು ಮರಳಿ ಕೊಡಲು ವೈದ್ಯರಿದ್ದಾರೆ, ಔಷಧಿಯಿದೆ, ಕೈಹಿಡಿದು ನಡೆಸುವ ಮನೆಯವರಿದ್ದಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವ ಪ್ರತಿಯೊಬ್ಬರಿಗೂ ಈ ಮಾತು ತಲುಪಲಿ.